ಒಂದೇ ಧೂಳು, ಇಬ್ಬರು ಮಕ್ಕಳು: ಸೀಸ, ಮೆದುಳು ಮತ್ತು ‘ಯಾರ ಕಡೆಯಿಂದ ಬಂತು’ ಅನ್ನೋ ಪ್ರಶ್ನೆ

ಹೋದ ವಾರ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನಲ್ಲಿ ಹಿಂದೆಮುಂದೆ ಆಗಿದ್ದನ್ನು ಸರಿಮಾಡಿದ್ದೇನೆ, ಅಂಕಿಗಳನ್ನು ಇನ್ನೊಮ್ಮೆ ನೋಡಿ ಹಾಕಿದ್ದೇನೆ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಎಂ.ಟೆಕ್. ಮಾಡಿ ಸಾಫ್ಟ್‌ವೇರ್ ಬರೆಯುವವನು. ಮನೆಗೆ ಒಂದು ರಿಪೋರ್ಟ್ ಬಂತು, ನಿದ್ದೆ ಬರಲಿಲ್ಲ, ಕೂತು ಓದಿದೆ. ಓದಿದ್ದರಲ್ಲಿ ನಿಮಗೂ ಕೆಲಸಕ್ಕೆ ಬರುವಂಥದ್ದು ಇದೆ ಅನ್ನಿಸಿತು.

ನಾವಿರೋದು ನೋಯ್ಡಾದ ಹಳೇ ಸೊಸೈಟಿಯೊಂದರಲ್ಲಿ, ಬಾಡಿಗೆ ಮನೆ. ಕಟ್ಟಡಕ್ಕೆ ಇಪ್ಪತ್ತು ವರ್ಷದ ಮೇಲಾಗಿದೆ. ದೀಪಾವಳಿಗೆ ಮುಂಚೆ ಓನರ್ ಕಡೆಯವರು ಬಂದು ಬಾಲ್ಕನಿ ಗ್ರಿಲ್‌ಗಳ ಹಳೇ ಪೇಂಟನ್ನು ಉಜ್ಜಿ ಕೆರೆದು ಹೊಸ ಪೇಂಟ್ ಹೊಡೆದರು. ಮೂರು ದಿನ ಒಣ ಮರಳುಕಾಗದದಲ್ಲಿ ಉಜ್ಜಾಟ. ಸಣ್ಣ ಹಳದಿ-ಕಂದು ಪುಡಿ ಮನೆಯೆಲ್ಲಾ ಕೂತಿತು. ನಾನು ಹೆಡ್‌ಫೋನ್ ಹಾಕ್ಕೊಂಡು ಮೀಟಿಂಗ್‌ನಲ್ಲಿದ್ದೆ. ಎರಡೂವರೆ ವರ್ಷದ ಮಗಳು ಅದೇ ಬಾಲ್ಕನಿಯಲ್ಲಿ ಆಟ ಆಡ್ತಾ, ಅದೇ ಕೈಯಲ್ಲಿ ಬಿಸ್ಕತ್ತು ತಿಂತಾ ಇದ್ದಳು.

ಆರೇಳು ವಾರ ಆದಮೇಲೆ ಅವಳು ಊಟ ಬಿಟ್ಟಳು, ಸುಮ್ಮಸುಮ್ಮನೆ ಹಟ. ಮಕ್ಕಳ ಡಾಕ್ಟರು ಹಿಮೋಗ್ಲೋಬಿನ್ ಕಡಿಮೆ ಇದೆ ಅಂದರು. ಆಮೇಲೆ ಕೇಳಿದ ಪ್ರಶ್ನೆ: ‘ಇತ್ತೀಚೆಗೆ ಮನೆಯಲ್ಲಿ ಪೇಂಟ್ ಕೆಲಸ ಏನಾದರೂ ನಡೆದಿತ್ತಾ?’ ರಕ್ತದಲ್ಲಿ ಸೀಸದ ಪ್ರಮಾಣ ನೋಡಿಸಿದರು. ಡೆಸಿಲೀಟರಿಗೆ 9.2 ಮೈಕ್ರೋಗ್ರಾಂ. ಕೆಳಗಿನ ಮನೆಯಲ್ಲಿ ದಾವಣಗೆರೆಯವರಿದ್ದಾರೆ, ಅವರ ಮಗನಿಗೂ ಅದೇ ವಯಸ್ಸು. ಅವರ ಗ್ರಿಲ್ಲನ್ನೂ ಅದೇ ವಾರ ಅದೇ ಕೆಲಸಗಾರರು ಉಜ್ಜಿದ್ದರು. ಹೆದರಿ ಅವರೂ ಟೆಸ್ಟ್ ಮಾಡಿಸಿದರು. ಆ ಹುಡುಗನಿಗೆ 4.1.

ಒಂದೇ ಧೂಳು, ಎರಡು ಅಂಕಿ. ಆವತ್ತು ರಾತ್ರಿ ಮೈಸೂರಿಂದ ಅತ್ತೆ ಫೋನ್ ಮಾಡಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಅಲ್ಲಪ್ಪಾ, ಇದು ನಮ್ಮ ಕಡೆಯಿಂದ ಬಂದಿದ್ದಾ? ನಮ್ಮ ಮನೇಲಿ ಒಂದೆರಡು ಮಕ್ಕಳು ಮಾತು ತಡವಾಗಿ ಕಲಿತಿದ್ದವು.’ ಪಕ್ಕದಲ್ಲಿ ಕೂತಿದ್ದ ಹೆಂಡತಿ ಎದ್ದು ಒಳಗೆ ಹೋದಳು. ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ.

ಸೀಸ ಮೆದುಳಿನೊಳಗೆ ಹೇಗೆ ನುಗ್ಗುತ್ತೆ

ಮೊದಲು ಒಂದು ಗೊಂದಲ ಕಳೆದುಕೊಳ್ಳೋಣ. ನಾವು ‘ಸೀಸದ ಕಡ್ಡಿ’ ಅನ್ನುವ ಪೆನ್ಸಿಲ್‌ನಲ್ಲಿ ಸೀಸ ಇಲ್ಲ, ಅದು ಗ್ರಾಫೈಟ್. ನಿಜವಾದ ಸೀಸ ಇರೋದು ಇನ್ವರ್ಟರ್ ಬ್ಯಾಟರಿಯಲ್ಲಿ, ಹಳೇ ಬೆಸುಗೆಯಲ್ಲಿ, ಹಳೇ ಎನಾಮಲ್ ಪೇಂಟ್‌ನಲ್ಲಿ.

ದೇಹಕ್ಕೆ ಸೀಸದಿಂದ ಒಂದು ಉಪಯೋಗವೂ ಇಲ್ಲ. ಹಾಗಿದ್ದರೂ ಅದನ್ನು ಒಳಗೆ ಬಿಟ್ಟುಕೊಳ್ಳುತ್ತೆ. ಯಾಕೆಂದರೆ ಸೀಸದ ಅಯಾನು ನೋಡೋಕೆ ಕ್ಯಾಲ್ಸಿಯಂ ಅಯಾನಿನ ಹಾಗೆ ಇರುತ್ತೆ: ಎರಡು ಧನ ಆವೇಶ, ಗಾತ್ರವೂ ಹೆಚ್ಚುಕಡಿಮೆ ಹತ್ತಿರ. ಸೊಸೈಟಿ ಗೇಟಿನಲ್ಲಿ ಡೆಲಿವರಿ ಕಂಪನಿಯ ಟೀಶರ್ಟ್ ಹಾಕ್ಕೊಂಡು ಬಂದವನನ್ನು ಗಾರ್ಡ್ ಮುಖ ನೋಡದೆ ಒಳಗೆ ಬಿಡ್ತಾನಲ್ಲ, ಹಾಗೆ. ರಕ್ತಕ್ಕೂ ಮೆದುಳಿಗೂ ನಡುವೆ ಬಿಗಿಯಾದ ಒಂದು ತಡೆ ಇದೆ, ಕಂಡಕಂಡದ್ದನ್ನು ಒಳಗೆ ಬಿಡಲ್ಲ. ಸೀಸ ಕ್ಯಾಲ್ಸಿಯಂನ ವೇಷದಲ್ಲಿ ಅದನ್ನೂ ದಾಟುತ್ತೆ. ಎಳೇ ಮಕ್ಕಳಲ್ಲಿ ಆ ತಡೆ ಇನ್ನೂ ಪೂರ್ತಿ ಬಲಿತಿರಲ್ಲ.

ಒಳಗೆ ಹೋದಮೇಲೆ ನಿಜವಾದ ತೊಂದರೆ. ನರಕೋಶಗಳು ಒಂದಕ್ಕೊಂದು ಮಾತಾಡೋದು ರಾಸಾಯನಿಕಗಳನ್ನು ಸಣ್ಣಸಣ್ಣ ಕಂತಿನಲ್ಲಿ ಸುರಿದು. ‘ಈಗ ಸುರಿ’ ಅನ್ನುವ ಸೂಚನೆ ಕೊಡೋದು ಕ್ಯಾಲ್ಸಿಯಂ. ಆ ಸೂಚನೆಯನ್ನು ಓದುವ ಪ್ರೋಟೀನುಗಳಲ್ಲಿ ಕೆಲವು ಕ್ಯಾಲ್ಸಿಯಂಗಿಂತ ಸೀಸಕ್ಕೇ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಅದರಿಂದ ಎರಡು ಥರದ ದೋಷ ಒಟ್ಟಿಗೆ ಆಗುತ್ತೆ. ಸಂಕೇತ ಬಂದಾಗ ಸುರಿಯಬೇಕಾದಷ್ಟು ಸುರಿಯಲ್ಲ, ಸಂಕೇತ ಇಲ್ಲದಾಗ ತಾನಾಗೇ ತೊಟ್ಟಿಕ್ಕುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸಿಗ್ನಲ್ ಕಡಿಮೆ, ನಾಯ್ಸ್ ಜಾಸ್ತಿ.

ಇದರ ಜೊತೆಗೆ ಇನ್ನೊಂದು. ಕಲಿಕೆ, ನೆನಪಿಗೆ ಬೇಕಾದ ಎನ್‌ಎಂಡಿಎ ಅನ್ನುವ ಗ್ರಾಹಕ ಒಂದಿದೆ. ಸೀಸ ಅದರ ಕೆಲಸವನ್ನು ತಡೆಯುತ್ತೆ. ಮೊದಲ ಕೆಲವು ವರ್ಷಗಳಲ್ಲಿ ಮಗುವಿನ ಮೆದುಳು ಬೇಕಾದ್ದಕ್ಕಿಂತ ಜಾಸ್ತಿ ಸಂಪರ್ಕಗಳನ್ನು ಹೆಣೆದು, ಆಮೇಲೆ ಬಳಕೆಯಾದದ್ದನ್ನು ಉಳಿಸಿ ಬಳಕೆಯಾಗದ್ದನ್ನು ಕತ್ತರಿಸುತ್ತೆ. ಯಾವುದು ಉಳೀಬೇಕು ಅನ್ನೋ ತೀರ್ಮಾನ ಆಗೋದು ಈ ಸಂಕೇತಗಳ ಮೇಲೆಯೇ. ಸಂಕೇತ ಕಲಸುಮೇಲೋಗರ ಆದರೆ ಹೆಣಿಗೆಯೂ ಕಲಸುತ್ತೆ. ಸ್ವಲ್ಪ ಪ್ರಮಾಣದಲ್ಲಿ ಕೋಶ ಸಾಯಲ್ಲ, ವೈರಿಂಗ್ ಬೇರೆ ಆಗುತ್ತೆ. ಅದಕ್ಕೇ ಹೊರಗೆ ನೋಡೋಕೆ ಮಗು ಚೆನ್ನಾಗೇ ಕಾಣುತ್ತೆ.

ಮಕ್ಕಳಿಗೇ ಯಾಕೆ ಜಾಸ್ತಿ? ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಸುಮಾರು ಹತ್ತರಲ್ಲೊಂದು ಪಾಲು ಹೀರಿಕೊಂಡರೆ, ಸಣ್ಣ ಮಕ್ಕಳದ್ದು ಅರ್ಧದ ತನಕ ಹೀರಿಕೊಳ್ಳಬಹುದು. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತೆ. ಆದರೆ ಮೂಳೆಯಲ್ಲಿ ಸೇರಿಕೊಂಡದ್ದು ದಶಕಗಟ್ಟಲೆ ಇರುತ್ತೆ, ನಿಧಾನಕ್ಕೆ ಮತ್ತೆ ರಕ್ತಕ್ಕೆ ಬರುತ್ತೆ. ಬಸುರಿಯ ಮೂಳೆಯಿಂದ ಕ್ಯಾಲ್ಸಿಯಂ ಜೊತೆ ಹೊರಬಂದು ಹೊಟ್ಟೆಯಲ್ಲಿರುವ ಮಗುವಿಗೂ ತಲುಪುತ್ತೆ.

ದಿಲ್ಲಿಯ ಸೀಸ, ಬೆಂಗಳೂರಿನ ಸೀಸ

ನವೆಂಬರ್ ಹೊಗೆ ಬಂದ ಕೂಡಲೇ ನಮ್ಮವರಲ್ಲಿ ಒಂದು ಮಾತು ಶುರುವಾಗುತ್ತೆ: ‘ಸಾಕಪ್ಪಾ, ಟ್ರಾನ್ಸ್‌ಫರ್ ತಗೊಂಡು ಬೆಂಗಳೂರಿಗೆ ಹೋಗೋಣ.’ ಹೊಗೆಯ ವಿಷಯಕ್ಕೆ ಅದು ಸರಿ ಇರಬಹುದು. ಸೀಸದ ವಿಷಯಕ್ಕೆ ಅಷ್ಟು ಸುಲಭ ಇಲ್ಲ.

ನಾವು ಶಾಲೆಗೆ ಹೋಗ್ತಿದ್ದ ಕಾಲದಲ್ಲಿ ಪೆಟ್ರೋಲಿಗೇ ಸೀಸ ಬೆರೆಸ್ತಿದ್ದರು. ದಿಲ್ಲಿಯಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ನಿಂತದ್ದು 1998ರ ಸೆಪ್ಟೆಂಬರಿನಲ್ಲಿ. ಇಡೀ ದೇಶದಲ್ಲಿ 2000ದ ಫೆಬ್ರವರಿಯಲ್ಲಿ. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ್ದು ಅಲ್ಜೀರಿಯ, 2021ರಲ್ಲಿ. ಆ ಬದಲಾವಣೆಯ ಹೊತ್ತಿಗೆ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. 12 ವರ್ಷದ ಒಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ಅದರಲ್ಲಿ ದಿಲ್ಲಿಯೂ ಇತ್ತು, ಬೆಂಗಳೂರೂ ಇತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಪ್ರೊಫೆಸರ್ ತುಪ್ಪಿಲ್ ವೆಂಕಟೇಶ್ ಈ ಕೆಲಸಕ್ಕೇ ತಮ್ಮ ವೃತ್ತಿಯನ್ನು ಮುಡಿಪಿಟ್ಟರು. ಅವರನ್ನು ‘ಭಾರತದ ಲೆಡ್ ಮ್ಯಾನ್’ ಅಂತ ಕರೀತಾರೆ. ಸೀಸದ ವಿಷಕ್ಕಾಗಿ ರಾಷ್ಟ್ರೀಯ ರೆಫರಲ್ ಕೇಂದ್ರ ಶುರುವಾಗಿದ್ದು ಅಲ್ಲೇ.

ಪೆಟ್ರೋಲಿಂದ ಸೀಸ ಹೋಯಿತು, ಮಕ್ಕಳ ರಕ್ತದಲ್ಲಿ ಪ್ರಮಾಣವೂ ಇಳಿಯಿತು. ಆದರೆ ಬೇರೆ ದಾರಿಗಳು ಉಳಿದವು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚೆ ಬಳಿದದ್ದು ಈಗಲೂ ಗೋಡೆ, ಗ್ರಿಲ್ ಮೇಲೆ ಇದೆ, ಅದರಲ್ಲೂ ಹಳದಿ, ಕೆಂಪು, ಕಿತ್ತಳೆ ಎನಾಮಲ್‌ನಲ್ಲಿ. ಹಳೇ ಇನ್ವರ್ಟರ್ ಬ್ಯಾಟರಿಗಳನ್ನು ಹಿತ್ತಲಲ್ಲಿ ಒಡೆದು ಕರಗಿಸುವ ಕಡೆ ಸುತ್ತಲಿನ ಮಣ್ಣೇ ಕೆಡುತ್ತೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸೇರಿ 2020ರಲ್ಲಿ ಹೊರತಂದ ವರದಿಯ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದೆ.

ಇನ್ನೊಂದು ದಾರಿ ನಮ್ಮ ಕೈಯಿಂದಲೇ ಹೋಗೋದು. ಈಶಾನ್ಯ ದಿಲ್ಲಿಯ ಸೀಲಂಪುರದಲ್ಲಿ ಹಳೇ ಕಂಪ್ಯೂಟರ್, ಮಾನಿಟರ್, ಬೋರ್ಡುಗಳನ್ನು ಬಿಡಿಸಿ ಲೋಹ ತೆಗೆಯುವ ಗಲ್ಲಿಗಳಿವೆ. ಹಳೇ ಬೋರ್ಡಿನ ಬೆಸುಗೆಯಲ್ಲೂ ಹಳೇ ಟ್ಯೂಬ್ ಮಾನಿಟರಿನ ಗಾಜಿನಲ್ಲೂ ಸೀಸ ಇರುತ್ತೆ. ಬಾಗಿಲಿಗೆ ಬರುವ ಕಬಾಡಿಯವನಿಗೆ ನಾವು ಇನ್ನೂರು ರೂಪಾಯಿಗೆ ಕೊಟ್ಟ ಯಂತ್ರ ಅಂಥ ಕಡೆ ಇನ್ಯಾರದೋ ಮಗುವಿನ ಮನೆ ಮುಂದೆ ತೆರೆದುಕೊಳ್ಳಬಹುದು. ನನ್ನ ಮಗಳ ಬಗ್ಗೆ ಹೆದರಿ ಓದೋಕೆ ಶುರುಮಾಡಿದವನಿಗೆ ಈ ಭಾಗ ಓದುವಾಗ ನಾಚಿಕೆಯಾಯಿತು.

ಹಾಗಾದರೆ ಜೀನ್‌ನ ಪಾತ್ರ ಏನು?

ಈಗ ಅತ್ತೆಯ ಪ್ರಶ್ನೆಗೆ ಬರೋಣ. ವಿಷ ಒಂದೇ ಇದ್ದರೂ ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಡಿಮೆ ಆಗೋದು ಹುಟ್ಟಿನಿಂದ ಬರಬಹುದಾ? ಬರಬಹುದು. ಅದಕ್ಕೆ ಕಣ್ಣಿಗೆ ಹೊಡೆಯುವಂಥ ಉದಾಹರಣೆ ನಮ್ಮ ಕರ್ನಾಟಕದಲ್ಲೇ ಇದೆ.

ಆಪರೇಷನ್‌ಗೆ ಮುಂಚೆ, ಉಸಿರಾಟದ ಕೊಳವೆ ಹಾಕುವಾಗ ಸ್ನಾಯುಗಳನ್ನು ಸಡಿಲಿಸೋಕೆ ಸಕ್ಸಮೆಥೋನಿಯಂ ಅನ್ನುವ ಔಷಧ ಕೊಡೋದುಂಟು. ಸಕ್ಸಿನೈಲ್‌ಕೋಲಿನ್ ಅಂತಲೂ ಅದಕ್ಕೆ ಹೆಸರು. ಅದು ಕೆಲಸ ಮಾಡೋದು ನರ ಸ್ನಾಯುವಿಗೆ ಸೇರುವ ಜಾಗದಲ್ಲಿ. ಹೆಚ್ಚಿನವರಲ್ಲಿ ಐದು-ಹತ್ತು ನಿಮಿಷದಲ್ಲಿ ಅದರ ಪ್ರಭಾವ ಮುಗಿಯುತ್ತೆ, ಯಾಕೆಂದರೆ ರಕ್ತದಲ್ಲಿರುವ ಬ್ಯುಟಿರೈಲ್‌ಕೋಲಿನೆಸ್ಟರೇಸ್ ಅನ್ನುವ ಕಿಣ್ವ ಅದನ್ನು ಒಡೆದುಹಾಕುತ್ತೆ. ಆಸ್ಪತ್ರೆಗಳಲ್ಲಿ ಇದಕ್ಕೆ ಸೂಡೋಕೋಲಿನೆಸ್ಟರೇಸ್ ಅಂತಾರೆ. ಈ ಕಿಣ್ವ ಹುಟ್ಟಿನಿಂದಲೇ ಇಲ್ಲದವರಲ್ಲಿ ಅದೇ ಡೋಸ್ ಗಂಟೆಗಟ್ಟಲೆ ನಿಲ್ಲುತ್ತೆ. ಆಪರೇಷನ್ ಮುಗಿದರೂ ರೋಗಿ ತಾನಾಗಿ ಉಸಿರಾಡೋಕಾಗಲ್ಲ. ವೆಂಟಿಲೇಟರ್‌ನಲ್ಲಿಟ್ಟು ಕಾಯಬೇಕು.

ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡಿನಲ್ಲಿ ಹರಡಿರುವ ಆರ್ಯವೈಶ್ಯ ಸಮುದಾಯದಲ್ಲಿ ಈ ಕೊರತೆ ಬೇರೆಯವರಿಗಿಂತ ಸುಮಾರು 100 ಪಟ್ಟು ಜಾಸ್ತಿ. ಕಾರಣ ಒಂದೇ ಅಕ್ಷರದ ತಪ್ಪು: ಆ ಪ್ರೋಟೀನಿನ 307ನೇ ಜಾಗದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಕೂತಿದೆ. ಅಪ್ಪ ಅಮ್ಮ ಇಬ್ಬರಿಂದಲೂ ಆ ಪ್ರತಿ ಬಂದರೆ ಕಿಣ್ವ ಕೆಲಸ ಮಾಡಲ್ಲ. ಬಹಳ ತಲೆಮಾರುಗಳ ಹಿಂದಿನ ಕೆಲವೇ ಪೂರ್ವಿಕರಿಂದ ಬೆಳೆದ, ಒಳಗೊಳಗೇ ಮದುವೆಯಾಗುವ ಸಮುದಾಯಗಳಲ್ಲಿ ಹೀಗಾಗುತ್ತೆ. ಇದು ಒಂದು ಸಮುದಾಯದ ದೋಷ ಅಂತ ತಿಳೀಬೇಡಿ. ಹೈದರಾಬಾದಿನ ಸಿಸಿಎಂಬಿಯ ತಂಗರಾಜ್, ಹಾರ್ವರ್ಡ್‌ನ ಡೇವಿಡ್ ರೀಚ್ ಮತ್ತಿತರರು 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದಾಗ 81 ಗುಂಪುಗಳಲ್ಲಿ ಇಂಥ ಗುರುತು ಬಹಳ ಬಲವಾಗಿತ್ತು. ನನ್ನ ಜಾತಿಯಲ್ಲೂ ನಿಮ್ಮ ಜಾತಿಯಲ್ಲೂ ಇಂಥದ್ದು ಏನೋ ಒಂದು ಇರಬಹುದು.

ಇದಕ್ಕೂ ಮೆದುಳಿಗೂ ಏನು ಸಂಬಂಧ ಅಂತ ಕೇಳಬಹುದು. ಇದೇ ಕಿಣ್ವದ ಅಣ್ಣನಂತಿರುವ ಅಸಿಟೈಲ್‌ಕೋಲಿನೆಸ್ಟರೇಸ್ ಮೆದುಳಿನ ನರಕೋಶಗಳ ನಡುವೆ ಸಂಕೇತವನ್ನು ಅಳಿಸುವ ಕೆಲಸ ಮಾಡುತ್ತೆ. ಗೆದ್ದಲಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಕೊಲ್ಲೋದು ಇದನ್ನೇ. ಅಳಿಸುವವನು ಇಲ್ಲದಿದ್ದರೆ ಸಂಕೇತ ನಿಲ್ಲದೆ ಬಡಿಯುತ್ತಲೇ ಇರುತ್ತೆ. ರಕ್ತದಲ್ಲಿರುವ ಬ್ಯುಟಿರೈಲ್‌ಕೋಲಿನೆಸ್ಟರೇಸ್ ಆ ವಿಷವನ್ನು ಸ್ವಲ್ಪಮಟ್ಟಿಗೆ ತನ್ನ ಮೇಲೆ ಎಳೆದುಕೊಳ್ಳುತ್ತೆ. ಪಿಓಎನ್-1 ಅನ್ನುವ ಇನ್ನೊಂದು ಕಿಣ್ವ ಅದನ್ನು ಒಡೆಯುತ್ತೆ. ಪಿಓಎನ್-1 ಎಷ್ಟು ಚುರುಕು ಅನ್ನೋದು ಜೀನ್ ಮೇಲೆ ನಿಂತಿದೆ, ವಯಸ್ಸಿನ ಮೇಲೂ ನಿಂತಿದೆ. ಹುಟ್ಟಿದ ಮಗುವಿನಲ್ಲಿ ಅದು ಬಹಳ ಕಡಿಮೆ.

ಸೀಸಕ್ಕೂ ಹೀಗೇ ಒಂದು ಜೀನ್ ಇದೆ, ಹೆಸರು ಎಎಲ್‌ಎಡಿ. ರಕ್ತದ ಹೀಮ್ ತಯಾರಿಸುವ ಕಿಣ್ವ ಅದು. ಕೆಂಪು ರಕ್ತಕಣದಲ್ಲಿ ಸೀಸ ಹೆಚ್ಚಾಗಿ ಅಂಟಿಕೊಳ್ಳೋದು ಇದಕ್ಕೇ. ಇದರ ಎರಡನೇ ರೂಪ ಇರುವವರಲ್ಲಿ ಸೀಸ ಇನ್ನೂ ಗಟ್ಟಿಯಾಗಿ ಅಂಟುತ್ತೆ, ರಕ್ತದಲ್ಲಿ ಅಂಕಿ ಜಾಸ್ತಿ ತೋರಿಸಬಹುದು. ಆದರೆ ರಕ್ತದಲ್ಲೇ ಹಿಡಿದಿಟ್ಟುಕೊಂಡರೆ ಮೆದುಳಿಗೆ ಹೋಗೋದು ಕಡಿಮೆಯಾಗುತ್ತಾ, ಇಲ್ಲಾ ಜಾಸ್ತಿ ಹಾನಿಯಾಗುತ್ತಾ? ಬೇರೆಬೇರೆ ಅಧ್ಯಯನಗಳು ಬೇರೆಬೇರೆ ಉತ್ತರ ಕೊಟ್ಟಿವೆ. ಏಷ್ಯಾದವರಲ್ಲಿ ಆ ರೂಪ ಯುರೋಪಿನವರಿಗಿಂತ ಕಡಿಮೆ.

ವ್ಯತ್ಯಾಸ ಗಮನಿಸಿ. ಆಪರೇಷನ್ ಔಷಧದ ವಿಷಯದಲ್ಲಿ ಒಂದು ಜೀನ್ ಹೆಚ್ಚುಕಡಿಮೆ ಎಲ್ಲವನ್ನೂ ತೀರ್ಮಾನಿಸುತ್ತೆ, ಅದು ಸ್ವಿಚ್ ಇದ್ದ ಹಾಗೆ. ಸೀಸದ ವಿಷಯದಲ್ಲಿ ಜೀನ್ ಅಂದರೆ ವಾಲ್ಯೂಮನ್ನು ಒಂಚೂರು ಅತ್ತಿತ್ತ ತಿರುಗಿಸುವ ಗುಂಡಿ. ಎಷ್ಟು ಧೂಳು ಹೊಟ್ಟೆಗೆ ಹೋಯಿತು ಅನ್ನೋದು ಅದಕ್ಕಿಂತ ಬಹಳ ದೊಡ್ಡದು. ಧೂಳೇ ಇಲ್ಲದಿದ್ದರೆ ಎಂಥ ಜೀನ್ ಇದ್ದರೂ ಏನೂ ಮಾಡಲ್ಲ.

ನಮ್ಮ ಮನೆಯ ಡಿಬಗ್ಗಿಂಗ್

ಹಾಗಾದರೆ 9.2 ಮತ್ತು 4.1ರ ನಡುವಿನ ವ್ಯತ್ಯಾಸ ಎಲ್ಲಿಂದ ಬಂತು? ಡಾಕ್ಟರು ಜೀನ್ ಟೆಸ್ಟ್ ಬರೆದುಕೊಡಲಿಲ್ಲ, ಫೆರಿಟಿನ್ ಟೆಸ್ಟ್ ಬರೆದರು. ಮಗಳ ದೇಹದಲ್ಲಿ ಕಬ್ಬಿಣದ ದಾಸ್ತಾನು ತಳಕ್ಕೆ ಹೋಗಿತ್ತು. ಅವಳು ದಿನಕ್ಕೆ ಮುಕ್ಕಾಲು ಲೀಟರ್ ಹಾಲು ಕುಡಿದು ಬೇರೆ ಊಟ ಮುಟ್ಟುತ್ತಿರಲಿಲ್ಲ, ನಾವು ‘ಹಾಲಾದರೂ ಕುಡೀತಾಳಲ್ಲ’ ಅಂತ ಸಮಾಧಾನಪಟ್ಟುಕೊಂಡಿದ್ದೆವು. ಕಬ್ಬಿಣ ಕಡಿಮೆ ಇದ್ದಾಗ ಕರುಳು ಅದನ್ನು ಹುಡುಕಿ ಹೀರೋಕೆ ಜಾಸ್ತಿ ಬಾಗಿಲು ತೆರೆಯುತ್ತೆ, ಆ ಬಾಗಿಲಲ್ಲಿ ಸೀಸವೂ ನುಗ್ಗುತ್ತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ ಇದೆ. ಅಂದರೆ ನಮ್ಮ ಮಕ್ಕಳಲ್ಲಿ ಬಹುಪಾಲು ಮಂದಿ ಸೀಸಕ್ಕೆ ಬಾಗಿಲು ತೆರೆದುಕೊಂಡೇ ಕೂತಿರಬಹುದು.

ಕೆಳಗಿನ ಮನೆಯಲ್ಲಿ ಅಜ್ಜಿ ಇದ್ದರು. ಉಜ್ಜುವ ಮೂರು ದಿನವೂ ಬಾಲ್ಕನಿ ಬಾಗಿಲು ಹಾಕಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿಸಿ, ಮೊಮ್ಮಗನ ಕೈ ತೊಳೆಸದೆ ತಿನ್ನೋಕೆ ಕೊಡ್ತಿರಲಿಲ್ಲವಂತೆ. ಅವರಿಗೆ ಸೀಸದ ಬಗ್ಗೆ ಏನೂ ಗೊತ್ತಿರಲಿಲ್ಲ, ಧೂಳು ಕಂಡರೆ ಆಗ್ತಿರಲಿಲ್ಲ, ಅಷ್ಟೇ. ನಮ್ಮನೆಯಲ್ಲಿ ಒಣ ಪೊರಕೆ ಆಡಿಸಿ ಧೂಳನ್ನು ಇನ್ನಷ್ಟು ಎಬ್ಬಿಸಿದ್ದೆವು.

9.2 ಅಂದರೆ ಎಷ್ಟು ಕೆಟ್ಟದ್ದು? ಸುರಕ್ಷಿತ ಅನ್ನುವ ಮಟ್ಟವೇ ಇಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. 5 ದಾಟಿದರೆ ಮೂಲ ಹುಡುಕಿ ತೆಗೆಯಿರಿ ಅಂತ 2021ರ ಅದರ ಮಾರ್ಗಸೂಚಿ ಹೇಳುತ್ತೆ. ಏಳು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಮಾಡಿದ ಲೆಕ್ಕದಲ್ಲಿ 2.4ರಿಂದ 10ಕ್ಕೆ ಏರುವಾಗ ಐಕ್ಯೂ ಸರಾಸರಿ 3.9 ಅಂಕ ಇಳಿದಿತ್ತು, 10ರಿಂದ 20ಕ್ಕೆ ಏರುವಾಗ ಇನ್ನು 1.9 ಮಾತ್ರ. ಅಂದರೆ ಹಾನಿಯ ಹೆಚ್ಚಿನ ಪಾಲು ಕೆಳಗಿನ ಮಟ್ಟದಲ್ಲೇ ಆಗಿಹೋಗುತ್ತೆ. ಇದು ಬಹಳಷ್ಟು ಮಕ್ಕಳ ಸರಾಸರಿ, ನಿಮ್ಮ ಮಗುವಿನ ಭವಿಷ್ಯವಾಣಿ ಅಲ್ಲ. ಮಾತು, ಆಟ, ಓದು, ಒಳ್ಳೆ ಊಟ ಇವೂ ಆ ಮೆದುಳನ್ನೇ ಕಟ್ಟುತ್ತವೆ.

‘ಔಷಧ ಕೊಟ್ಟು ತೆಗೆಸಿ’ ಅಂತ ನಾನೂ ಕೇಳಿದೆ. ಸೀಸವನ್ನು ಹಿಡಿದು ಹೊರಹಾಕುವ ಔಷಧ ಇದೆ, ಸಾಮಾನ್ಯವಾಗಿ 45 ದಾಟಿದ ಮಕ್ಕಳಿಗೆ ಕೊಡ್ತಾರೆ. 20ರಿಂದ 44ರ ನಡುವೆ ಇದ್ದ ಮಕ್ಕಳಿಗೆ ಅಮೆರಿಕದಲ್ಲಿ ಕೊಟ್ಟು ನೋಡಿದಾಗ ರಕ್ತದ ಅಂಕಿ ಇಳಿಯಿತು, ಬುದ್ಧಿ ಪರೀಕ್ಷೆಯ ಫಲಿತಾಂಶ ಬದಲಾಗಲಿಲ್ಲ. 2001ರಲ್ಲಿ ಬಂದ ಫಲಿತಾಂಶ ಅದು. ಹೆಣೆದುಹೋದ ವೈರಿಂಗನ್ನು ಔಷಧ ಬಿಚ್ಚಿ ಕಟ್ಟಲ್ಲ. ಹಾಗಾಗಿ ಮುಂಚೆಯೇ ತಡೆಯೋದೊಂದೇ ದಾರಿ.

ಮಾಡಬೇಕಾದ್ದು

ಹಳೇ ಪೇಂಟನ್ನು ಒಣಗಿದ್ದಾಗ ಉಜ್ಜೋಕೆ ಬಿಡಬೇಡಿ. ನೀರು ಚಿಮುಕಿಸಿ ಕೆರೆಯಲಿ, ಅಷ್ಟು ದಿನ ಮಕ್ಕಳೂ ಬಸುರಿಯರೂ ಬೇರೆ ಮನೆಯಲ್ಲಿರಲಿ. ಪೊರಕೆ ಬದಲು ಒದ್ದೆ ಬಟ್ಟೆ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯೋದು. ಸ್ಯಾನಿಟೈಸರ್ ಕೀಟಾಣು ಕೊಲ್ಲುತ್ತೆ, ಸೀಸ ತೆಗೆಯಲ್ಲ.

ಅರಿಶಿನ ಗಮನಿಸಿ. ಬಣ್ಣ ಬರಲಿ ಅಂತ ಲೆಡ್ ಕ್ರೋಮೇಟ್ ಬೆರೆಸುವುದುಂಟು. ದಕ್ಷಿಣ ಏಷ್ಯಾದ 23 ನಗರಗಳ ಅರಿಶಿನ ಪರೀಕ್ಷಿಸಿ 2024ರಲ್ಲಿ ಬಂದ ಅಧ್ಯಯನದಲ್ಲಿ ಪಟ್ನಾದ ಕೆಲವು ಮಾದರಿಗಳಲ್ಲಿ ಪ್ರತಿ ಗ್ರಾಂಗೆ 1000 ಮೈಕ್ರೋಗ್ರಾಂ ದಾಟಿತ್ತು. ನಮ್ಮ ಕಾನೂನಿನ ಮಿತಿ 10. ಬಿಡಿಯಾಗಿ ಮಾರುವ, ಕಣ್ಣು ಕುಕ್ಕುವ ಹಳದಿಯದ್ದು ಬೇಡ. ಮಕ್ಕಳ ಕಣ್ಣಿಗೆ ಕಾಡಿಗೆ, ಸುರ್ಮಾ ಬೇಡ.

ಆರು ತಿಂಗಳಿಂದ ಐದು ವರ್ಷದ ಮಗು ಇದ್ದು, ಹಳೇ ಕಟ್ಟಡದಲ್ಲಿದ್ದರೆ ಅಥವಾ ಪೇಂಟ್ ಕೆಲಸ ನಡೆದಿದ್ದರೆ ಡಾಕ್ಟರ ಹತ್ತಿರ ಸೀಸದ ಟೆಸ್ಟ್ ಬಗ್ಗೆ ಕೇಳಿ. ಜೊತೆಗೆ ಕಬ್ಬಿಣದ್ದೂ. ಕಬ್ಬಿಣದ ಸಿರಪ್ ನಿಮ್ಮಷ್ಟಕ್ಕೆ ನೀವೇ ಕೊಡಬೇಡಿ, ಅದೂ ಜಾಸ್ತಿಯಾದರೆ ವಿಷವೇ. ‘ಡಿಎನ್‌ಎ ನೋಡಿ ನಿಮ್ಮ ಮಗುವಿನ ದೇಹ ವಿಷ ತಡೆಯುವ ಶಕ್ತಿ ಹೇಳ್ತೀವಿ’ ಅನ್ನುವ ಕಿಟ್‌ಗಳಿಗೆ ದುಡ್ಡು ಸುರಿಯುವ ಬದಲು ಆ ದುಡ್ಡಲ್ಲಿ ಗ್ರಿಲ್ ಸರಿಮಾಡಿಸಿ.

ಆದರೆ ಮನೆತನದ ಚರಿತ್ರೆ ನಿಜವಾಗಿಯೂ ಬೇಕಾಗುವ ಒಂದು ಜಾಗ ಇದೆ, ಅದು ಆಪರೇಷನ್. ಮನೆಯಲ್ಲಿ ಯಾರಿಗಾದರೂ ಅನಸ್ತೇಷಿಯಾ ಆದಮೇಲೆ ಉಸಿರು ಬರೋದು ತಡವಾಗಿದ್ದರೆ, ಅಥವಾ ನೀವು ಆರ್ಯವೈಶ್ಯ ಕುಟುಂಬದವರಾಗಿದ್ದರೆ, ಅನಸ್ತೇಷಿಯಾ ಡಾಕ್ಟರಿಗೆ ತಪ್ಪದೇ ಹೇಳಿ. ಸೂಡೋಕೋಲಿನೆಸ್ಟರೇಸ್ ರಕ್ತಪರೀಕ್ಷೆ ಇದೆ, ಬೇರೆ ಔಷಧವೂ ಇದೆ. ಗೊತ್ತಿದ್ದರೆ ಇದು ದೊಡ್ಡ ವಿಷಯವೇ ಅಲ್ಲ. ದಿಲ್ಲಿಯ ಡಾಕ್ಟರಿಗೆ ನಮ್ಮ ಕಡೆಯ ಸಮುದಾಯಗಳ ಪರಿಚಯ ಇಲ್ಲದೆ ಇರಬಹುದು, ಅದಕ್ಕೇ ನಾವೇ ಬಾಯಿಬಿಟ್ಟು ಹೇಳಬೇಕು.

ಮಗಳಿಗೆ ಮೂರು ತಿಂಗಳ ಮೇಲೆ ಮತ್ತೆ ನೋಡಿಸಿದಾಗ 6.3. ಏಳನೇ ತಿಂಗಳಲ್ಲಿ 4.4. ಮೂಳೆಯಲ್ಲಿರುವುದು ಇನ್ನೂ ಬರುತ್ತಿರುತ್ತೆ, ನೋಡ್ತಾ ಇರಬೇಕು ಅಂದಿದ್ದಾರೆ. ಈಗ ರಾಗಿ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ತಿಂತಾಳೆ. ಹಾಲು ಎರಡು ಲೋಟಕ್ಕೆ ಇಳಿದಿದೆ.

ಆವತ್ತು ಅತ್ತೆಯ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಕೊಡಬೇಕಿತ್ತು. ಎರಡು ವಾರ ಹೆಂಡತಿ ಅದನ್ನು ಒಳಗಿಟ್ಟುಕೊಂಡು ಓಡಾಡಿದಳು. ಆಮೇಲೆ ನಾನೇ ಸ್ಪೀಕರ್ ಹಾಕಿ ಫೋನ್ ಮಾಡಿದೆ. ‘ಅತ್ತೆ, ಜೀನ್ ಎಲ್ಲರಲ್ಲೂ ಒಂದೊಂದು ಥರ ಇರುತ್ತೆ, ನನ್ನಲ್ಲೂ ಇದೆ, ನಿಮ್ಮ ಮಗಳಲ್ಲೂ ಇದೆ. ಇದು ನಿಮ್ಮ ಕಡೆಯದ್ದೂ ಅಲ್ಲ, ನಮ್ಮ ಕಡೆಯದ್ದೂ ಅಲ್ಲ, ಆ ಗ್ರಿಲ್ ಕಡೆಯದ್ದು’ ಅಂದೆ. ‘ಹಾಗಾದರೆ ಮೊದಲು ಆ ಗ್ರಿಲ್ ತೆಗೆಸು’ ಅಂದರು.

ತೆಗೆಸಿದ್ದೇವೆ. ನೀವೂ ಇವತ್ತು ಒಂದು ಸಲ ಬಾಲ್ಕನಿಗೆ ಹೋಗಿ ನೋಡಿ, ಪೇಂಟ್ ಎಲ್ಲಾದರೂ ಎದ್ದಿದೆಯಾ ಅಂತ. ಮುಂದಿನ ವಾರ ಹಳೇ ಲ್ಯಾಪ್‌ಟಾಪ್, ಬ್ಯಾಟರಿಗಳನ್ನು ಎನ್‌ಸಿಆರ್‌ನಲ್ಲಿ ಸರಿಯಾದ ಜಾಗಕ್ಕೆ ತಲುಪಿಸೋದು ಹೇಗೆ ಅಂತ ಮಾತಾಡೋಣ.